ಒಳಮನೆಯನ್ನು ಮನೆಯವರೇ ಬರೆಯಬೇಕು

ನಿಮ್ಮ ಮನೆಯಲ್ಲಿ ಊಟಮಾಡುವ ಕಡೆ ಯೇಸುಸ್ವಾಮಿಯ ಕಡೆಯ ಭೋಜನದ ಚಿತ್ರ ತೂಗುತ್ತಿದ್ದರೆ ಇಂದು ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮೇಜಿನ ಮೇಲಿಡಿ. ಒಂದು ಮೊಳ ಹೊಲಿಗೆ ದಾರ ತೆಗೆದುಕೊಳ್ಳಿ. ಚಾವಣಿಯ ತೊಲೆಯ ಅಂಚೊಂದಕ್ಕೆ ದಾರವನ್ನು ಬಿಗಿಯಾಗಿ ಹಿಡಿದು ಅದೇ ನೇರದಲ್ಲಿ ಮುಂದಕ್ಕೆ ಎಳೆಯಿರಿ. ಇಕ್ಕೆಲದ ಗೋಡೆಗಳಲ್ಲಿ ತೂಗುವ ಪರದೆಗಳ ಮೇಲಂಚಿಗೂ ಹೀಗೆಯೇ ಮಾಡಿ. ನಿಮ್ಮದು ಮೂಲಕ್ಕೆ ನಿಷ್ಠವಾದ ಪ್ರತಿಯಾಗಿದ್ದರೆ ಎಲ್ಲ ಗೆರೆಗಳೂ ಪ್ರಭುವಿನ ಬಲ ಕಣತಲೆಯ ಬಳಿ ಬಂದು ಕೂಡುತ್ತವೆ. ಕೂಡದಿದ್ದರೆ, ನಕಲು ಮಾಡಿದವರು ಪ್ರೇಷಿತರ ಮುಖಗಳ ಬಗ್ಗೆ ವಹಿಸಿದ ಎಚ್ಚರವನ್ನು ಕೋಣೆಯ ಬಗ್ಗೆ ವಹಿಸಲಿಲ್ಲ ಎಂದರ್ಥ.

ನಾವು ನೋಡುವವರೂ ಅಷ್ಟೆ. ಈ ಚಿತ್ರವನ್ನು ವರ್ಷಗಟ್ಟಲೆ ನೋಡಿದ್ದೇವೆ. ಯೂದನ ಕೈಯಲ್ಲಿರುವ ಹಣದ ಚೀಲವನ್ನು ಮಕ್ಕಳಿಗೆ ತೋರಿಸಿದ್ದೇವೆ. ಆದರೆ ಅವರೆಲ್ಲರೂ ಕುಳಿತಿರುವ ಕೋಣೆಯನ್ನು ನೋಡಿಲ್ಲ. ಲಿಯೊನಾರ್ದೊ ದ ವಿಂಚಿ ಮಿಲಾನ್ ನಗರದ ದೊಮಿನಿಕ್ ಸಭೆಯ ಮಠವೊಂದರ ಊಟದ ಶಾಲೆಯ ಗೋಡೆಯ ಮೇಲೆ ಸುಮಾರು 1495ರಿಂದ 1498ರವರೆಗೆ ಈ ಚಿತ್ರವನ್ನು ಬರೆದನು. ಮೂಲಚಿತ್ರದಲ್ಲಿ ಪ್ರಭುವಿನ ಕಣತಲೆಯ ಬಳಿ ಮೊಳೆ ಹೊಡೆದ ಗುರುತು ಸಿಕ್ಕಿದೆ. ಅಲ್ಲಿಂದ ದಾರ ಎಳೆದು ಗೆರೆಗಳನ್ನು ಗುರುತಿಸಿಕೊಂಡಿರಬೇಕು. ನೀವು ಈಗ ಮಾಡಿದ್ದು ಅದೇ ಕೆಲಸವನ್ನು, ಹಿಂದುಮುಂದಾಗಿ.

ನಮ್ಮಿಂದ ದೂರ ಸರಿಯುವ ಸಮಾನಾಂತರ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ತೋರುತ್ತವೆ. ಆ ಬಿಂದು ನೋಡುವವನ ಕಣ್ಣಿನ ಮಟ್ಟದಲ್ಲಿರುತ್ತದೆ. ಚಿತ್ರಕಲಾ ಶಿಕ್ಷಕರು ಪರ್ಸ್ಪೆಕ್ಟಿವ್ ಎಂದು ಕರೆಯುವ ವಿದ್ಯೆಯ ತಿರುಳು ಇಷ್ಟೆ. 15ನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸ್ ನಗರದ ಬ್ರುನೆಲ್ಲೆಸ್ಕಿ ಇದನ್ನು ಪ್ರಯೋಗದಿಂದ ತೋರಿಸಿದನು. ತಾನು ಬರೆದ ಹಲಗೆಚಿತ್ರದಲ್ಲಿ ಸಣ್ಣ ರಂಧ್ರ ಕೊರೆದು, ಹಿಂದಿನಿಂದ ಒಂದೇ ಕಣ್ಣಿಟ್ಟು, ಎದುರಿಗೆ ಹಿಡಿದ ಕನ್ನಡಿಯಲ್ಲಿ ಆ ಚಿತ್ರದ ಪ್ರತಿಬಿಂಬವನ್ನು ನೋಡುವಂತೆ ಏರ್ಪಡಿಸಿದ್ದನು. ಆಲ್ಬೆರ್ತಿ 1435ರಲ್ಲಿ ಈ ನಿಯಮಗಳನ್ನು ಗ್ರಂಥರೂಪಕ್ಕೆ ತಂದನು. ಒಂದು ಕಣ್ಣು, ಒಂದು ಜಾಗ: ಈ ವಿದ್ಯೆಯ ಬಲವೂ ಮಿತಿಯೂ ಇದರಲ್ಲಿಯೇ ಇವೆ.

ಲಿಯೊನಾರ್ದೊವಿನ ಕೋಣೆಯನ್ನು ಮೆಚ್ಚುತ್ತಲೇ ಎರಡು ಆಕ್ಷೇಪಗಳನ್ನು ಹೇಳಬೇಕಾಗಿದೆ. ಮೊದಲನೆಯದು, ಹದಿಮೂರು ಜನ ಕುಳಿತು ಉಣ್ಣುವಷ್ಟು ಉದ್ದ ಆ ಮೇಜಿಗಿಲ್ಲ. ಎಲ್ಲರ ಮುಖವೂ ನಮಗೆ ಕಾಣಲೆಂದು ಅವರನ್ನು ಒತ್ತೊತ್ತಾಗಿ ಕೂರಿಸಲಾಗಿದೆ. ಎರಡನೆಯದು ಇನ್ನೂ ಮುಖ್ಯವಾದುದು. ಆ ಚಿತ್ರ ಗೋಡೆಯ ಮೇಲ್ಭಾಗದಲ್ಲಿದೆ. ಅದರ ಗೆರೆಗಳು ಕೂಡುವ ಬಿಂದು ನೆಲದ ಮೇಲೆ ನಿಂತ ಯಾರ ಕಣ್ಣಿಗಿಂತಲೂ ಬಹಳ ಎತ್ತರದಲ್ಲಿದೆ. ಅಂದರೆ ಆ ಕೋಣೆ ಸರಿಯಾಗಿ ಕಾಣುವ ಜಾಗದಲ್ಲಿ ಊಟಕ್ಕೆ ಕುಳಿತ ಯಾವ ಸನ್ಯಾಸಿಯೂ ಇರಲು ಸಾಧ್ಯವಿರಲಿಲ್ಲ. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲ ದೇವಾಲಯದಲ್ಲಿ ಸುಮಾರು 1427ರಲ್ಲಿ ಮಸಾಚ್ಚೊ ಬರೆದ ಪವಿತ್ರ ತ್ರಿತ್ವದ ಚಿತ್ರ ಇದಕ್ಕೆ ವಿರುದ್ಧವಾದುದು. ಅಲ್ಲಿ ಗೆರೆಗಳು ಶಿಲುಬೆಯ ಬುಡದ ಸಮೀಪ, ನಿಂತ ಮನುಷ್ಯನ ಕಣ್ಣಿನ ಮಟ್ಟದಲ್ಲಿ ಕೂಡುತ್ತವೆ. ನಾವು ತಲೆಯೆತ್ತಿ ಪ್ರಭುವನ್ನು ನೋಡುತ್ತೇವೆ, ತಲೆ ತಗ್ಗಿಸಿ ಕೆಳಗಿನ ಸಮಾಧಿಯಲ್ಲಿರುವ ಅಸ್ಥಿಪಂಜರವನ್ನು ನೋಡುತ್ತೇವೆ. ಲಿಯೊನಾರ್ದೊ ನಮ್ಮನ್ನು ಬೆರಗುಗೊಳಿಸುತ್ತಾನೆ. ಮಸಾಚ್ಚೊ ನಮಗೆ ನಿಲ್ಲಲು ಜಾಗ ಕೊಡುತ್ತಾನೆ. ಕೋಣೆಯನ್ನು ಬರೆಯಲು ಕಲಿಯುವವರಿಗೆ ಎರಡನೆಯವನೇ ಹತ್ತಿರದ ಗುರುವೆಂದು ನನ್ನ ಅಭಿಪ್ರಾಯ.

ಇಷ್ಟು ದೂರದ ಚಿತ್ರಗಳ ಮಾತು ನಮಗೇಕೆ ಎಂದು ನೀವು ಕೇಳಬಹುದು. ಧರ್ಮಕೇಂದ್ರದ ಹಬ್ಬಕ್ಕೆ ನಡೆಯುವ ಮಕ್ಕಳ ಚಿತ್ರಕಲಾ ಸ್ಪರ್ಧೆಯನ್ನು ನೆನಪಿಗೆ ತಂದುಕೊಳ್ಳಿ. ದೇವಾಲಯವನ್ನು ಬರೆಯಿರಿ ಎಂದರೆ ಮಕ್ಕಳು ಅದರ ಮುಂಭಾಗ, ಮೇಲೊಂದು ಶಿಲುಬೆ, ಅಕ್ಕಪಕ್ಕ ತೆಂಗಿನ ಮರಗಳನ್ನು ಬರೆಯುತ್ತಾರೆ. ವಾರವಾರವೂ ತಾವು ಕುಳಿತುಕೊಳ್ಳುವ ಒಳಭಾಗವನ್ನು ಬರೆಯುವ ಮಗು ಅಪರೂಪ. ಮನೆಯನ್ನು ಬರೆಯಿರಿ ಎಂದರೂ ಹೀಗೆಯೇ. ಬಹುಮಾನ ಕೊಡುವ ನಾವು ಬಣ್ಣದ ಅಚ್ಚುಕಟ್ಟನ್ನು ನೋಡುತ್ತೇವೆಯೇ ಹೊರತು ಕಂಡದ್ದನ್ನು ಬರೆದಿದ್ದಾರೆಯೇ ಎಂದು ಕೇಳುವುದಿಲ್ಲ. ಈ ದೋಷ ಮಕ್ಕಳದಲ್ಲ, ನಮ್ಮದು.

ಈ ವಿದ್ಯೆ ನಮ್ಮ ನಾಡಿಗೆ ಹೊಸತೇನಲ್ಲ. ಇಟಲಿಯ ಬೆರ್ಗಮೊದಲ್ಲಿ ಚಿತ್ರಕಲೆ ಕಲಿತು ಯೇಸುಸಭೆಯನ್ನು ಸೇರಿದ ಸಹೋದರ ಅಂತೋನಿಯೊ ಮೊಸ್ಕೇನಿಯವರು ಮಂಗಳೂರಿಗೆ ಬಂದು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು 1899ರಿಂದ ಸುಮಾರು ಎರಡು ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ಅದಕ್ಕೂ ನೂರು ವರ್ಷಗಳ ಹಿಂದೆ ಕಾರ್ನ್‌ವಾಲಿಸನ ಸೇನೆ ನಮ್ಮ ಈ ಬಯಲುಸೀಮೆಯನ್ನು ಹಾದುಹೋಯಿತು. 1791ರಲ್ಲಿ ದೇವನಹಳ್ಳಿಯ ಕೋಟೆ ಅದರ ವಶವಾಯಿತು. ಆ ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್, ಸೇನಾಧಿಕಾರಿ ಅಲೆಕ್ಸಾಂಡರ್ ಅಲನ್ ಇಬ್ಬರೂ ಮೈಸೂರು ಸೀಮೆಯ ದೃಶ್ಯಗಳ ಸಂಪುಟಗಳನ್ನು 1794ರಲ್ಲಿ ಪ್ರಕಟಿಸಿದರು. ಕೋಟೆಗಳು ಮತ್ತು ದುರ್ಗಗಳೇ ಅವರ ಮುಖ್ಯ ವಸ್ತು. ದಂಡಿನೊಡನೆ ಬಂದವರಿಗೆ ಹೊರಗಿನ ನೋಟವಲ್ಲದೆ ಮತ್ತೇನು ದಕ್ಕೀತು? ಕೋಟೆಯನ್ನು ದಾರಿಹೋಕನೂ ಬರೆಯಬಹುದು. ನಡುಮನೆಯನ್ನು ಬರೆಯಲು ಆ ಮನೆಯಲ್ಲಿ ಕುಳಿತು ಉಂಡವರೇ ಆಗಬೇಕು.

ನಮ್ಮ ಜಿಲ್ಲೆಯ ಒಳಮನೆಗಳಾದರೋ ಈ ವಿದ್ಯೆಗೆಂದೇ ಕಟ್ಟಿದಂತಿವೆ. ತೊಟ್ಟಿಮನೆಯ ಪಡಸಾಲೆಯಲ್ಲಿ ಕುಳಿತರೆ ಹತ್ತಿರದ ಕಂಬ ಎತ್ತರವಾಗಿ, ಆಚೆಯದು ಗಿಡ್ಡಗಾಗಿ ಕಾಣುತ್ತವೆ; ಕಲ್ಲುಚಪ್ಪಡಿಗಳ ಸಂದುಗಳು ದೇವರ ಪಟದ ಗೋಡೆಯ ಕಡೆಗೆ ಓಡುತ್ತವೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಸೀರೆಯ ಹಾಸಿನ ನೂರಾರು ಎಳೆಗಳು ನೇಯುವವನ ಎದುರಿನಿಂದ ದೂರಕ್ಕೆ ಸಾಗುತ್ತಾ ಹತ್ತಿರ ಹತ್ತಿರವಾಗುತ್ತವೆ. ಅಲ್ಲಿ ದಾರ ಹಿಡಿದು ಪರೀಕ್ಷಿಸಬೇಕಾಗಿಲ್ಲ. ದಾರವೇ ಪಾಠ ಹೇಳುತ್ತದೆ.

ಬರೆಯುವ ಬಗೆ ಸರಳವಾದುದು. ಒಂದು ಜಾಗದಲ್ಲಿ ಕುಳಿತು, ಮುಗಿಯುವವರೆಗೆ ಅಲ್ಲಿಂದ ಕದಲದಿರಿ. ಎದುರಿನ ಗೋಡೆಯನ್ನು ಮೊದಲು ಬರೆಯಿರಿ. ನಿಮ್ಮ ಕಣ್ಣಿನ ಮಟ್ಟಕ್ಕೆ ಹಾಳೆಯ ಮೇಲೆ ತೆಳುವಾದ ಅಡ್ಡಗೆರೆ ಎಳೆದು, ನಿಮ್ಮ ಕಣ್ಣಿಗೆ ನೇರವಾದ ಕಡೆ ಒಂದು ಚುಕ್ಕಿ ಇಡಿ. ನಿಮ್ಮಿಂದ ದೂರ ಹೋಗುವ ತೊಲೆಗಳು ಆ ಚುಕ್ಕಿಗೆ ಇಳಿದುಬರುತ್ತವೆ, ನೆಲದ ಸಂದುಗಳು ಅದಕ್ಕೆ ಏರಿಬರುತ್ತವೆ. ಕಂಬ ಬಾಗಿಲುಗಳ ನಿಲುಗೆರೆಗಳು ನೆಟ್ಟಗೇ ಇರಲಿ. ತೋಳು ಚಾಚಿ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅಳತೆ ಗುರುತಿಸಿ ಹೋಲಿಸಿ ನೋಡಿ. ಕಷ್ಟ ಕೈಯದಲ್ಲ, ಮನಸ್ಸಿನದು. ಮೇಜಿನ ನಾಲ್ಕು ಕಾಲುಗಳೂ ಸಮವೆಂದು ಮಗುವಿಗೆ ಗೊತ್ತು. ಆದ್ದರಿಂದ ಸಮವಾಗಿಯೇ ಬರೆಯುತ್ತದೆ. ಹಿಂದಿನ ಕಾಲುಗಳು ಗಿಡ್ಡವಾಗಿ ಕಾಣುತ್ತವೆ ಎಂದು ಒಪ್ಪಿಕೊಳ್ಳಲು, ಗೊತ್ತಿರುವುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಾಣುವುದಕ್ಕೆ ಕಣ್ಣು ಕೊಡಬೇಕು. ವಯಸ್ಕರಾದ ನಮಗೂ ಇದು ಸುಲಭವಲ್ಲ. ಮನೆಯವರ ವಿಷಯದಲ್ಲಿಯೂ ಕಾಣುವುದಕ್ಕಿಂತ ಗೊತ್ತೆಂದುಕೊಂಡದ್ದನ್ನೇ ನಾವು ಹೆಚ್ಚು ನಂಬುತ್ತೇವೆ.

ಆದರೆ ಈ ವಿದ್ಯೆಯೇ ಸತ್ಯದ ಏಕೈಕ ಅಳತೆಯೆಂದು ಹೇಳಿದರೆ ಅನ್ಯಾಯವಾದೀತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಅಲ್ಲಿ ಗೆರೆಗಳು ಒಂದು ಬಿಂದುವಿಗೆ ಓಡುವುದಿಲ್ಲ. ದಂಡಿನ ಸಾಲಿನ ಮೇಲೆ ಸಾಲು ಏರುತ್ತದೆ, ದೂರದವರು ಮಸುಕಾಗುವುದಿಲ್ಲ. ಒಬ್ಬ ನೋಡುಗನಿಗೆ ಕಾಣದಷ್ಟನ್ನು ಆ ಕಲೆ ಒಟ್ಟಿಗೆ ತೋರಿಸುತ್ತದೆ. ಪರ್ಸ್ಪೆಕ್ಟಿವ್ ತೋರಿಸುವುದು ಅದಕ್ಕಿಂತ ಕಡಿಮೆ; ಆದರೆ ತಾನು ಎಲ್ಲಿ ಕುಳಿತು ನೋಡಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಚಾಪೆಯ ಮೇಲೆ ಕುಳಿತ ಅಜ್ಜಿಗೆ ಮಂಚದ ಅಂಚು ಎತ್ತರ, ಬಾಗಿಲಲ್ಲಿ ನಿಂತ ಮೊಮ್ಮಗನಿಗೆ ಅದೇ ಮಂಚ ತಗ್ಗು. ಇಬ್ಬರೂ ಬರೆದರೆ ಒಂದೇ ಕೋಣೆಯ ಎರಡು ಚಿತ್ರಗಳಾಗುತ್ತವೆ, ಎರಡೂ ನಿಜ. ನಮ್ಮ ಈಗಿನ ಕಾಣ್ಕೆ ಅಪೂರ್ಣವೆಂದು ತಿಳಿಸಲು ಸಂತ ಪೌಲನೂ ಕನ್ನಡಿಯನ್ನೇ ಹೋಲಿಕೆಯಾಗಿ ಬಳಸಿದನಲ್ಲವೇ? ಒಂದೇ ಮನೆಯೊಳಗೆ ವಾದ ಬೆಳೆದಾಗ, ನಾನು ಕುಳಿತ ಜಾಗದಿಂದ ನನಗೆ ಹೀಗೆ ಕಾಣುತ್ತದೆ ಎಂದು ಹೇಳಬಲ್ಲವನು ಅರ್ಧ ಜಗಳವನ್ನು ಮುಗಿಸಿದಂತೆ.

ಕೊನೆಯದಾಗಿ ಒಂದು ಆತುರದ ಮಾತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯ ನೆಲಕ್ಕೆ ಬೆಲೆ ಬಂದಿದೆ, ಹಳೆಯ ಮನೆಗಳಿಗೆ ಬೆಲೆ ಹೋಗಿದೆ. ತೊಟ್ಟಿಯನ್ನು ಮುಚ್ಚಿ, ತೊಲೆಗಳನ್ನು ಮಾರಿ, ತಾರಸಿ ಹಾಕುವುದನ್ನು ತಪ್ಪೆನ್ನಲಾರೆ. ಸೋರುವ ಮನೆಯಲ್ಲಿ ವಾಸಿಸುವವರಿಗೆ ಅದರ ಕಷ್ಟ ಗೊತ್ತು. ಕೆಡವುವ ಮುನ್ನ ಫೋಟೋ ತೆಗೆದಿದ್ದೇವಲ್ಲ ಎನ್ನುವಿರಿ. ಫೋಟೋ ಕ್ಷಣದ ಕೆಲಸ. ಕಂಬದಿಂದ ಕಂಬಕ್ಕೆ, ಗೂಡಿನಿಂದ ಗೂಡಿಗೆ ಕಣ್ಣು ನಡೆಸಿ ಎರಡು ಗಂಟೆ ಕುಳಿತು ಬರೆದವನಿಗೆ ಆ ಮನೆ ಮತ್ತೆ ಮರೆಯುವುದಿಲ್ಲ. ಅಜ್ಜನ ಬೆನ್ನು ತಾಗಿ ನುಣುಪಾದ ಕಂಬ ಯಾವುದೆಂದು ಅವನು ಬರೆಯುವಾಗಲೇ ಕಂಡುಕೊಂಡಿರುತ್ತಾನೆ.

ಆದ್ದರಿಂದ ಬರುವ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಗುವಿನ ಕೈಗೊಂದು ಬಿಳಿ ಹಾಳೆ ಕೊಡಿ, ನೀವೂ ಒಂದನ್ನು ಹಿಡಿಯಿರಿ. ನಡುಮನೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಕುಳಿತು ಬರೆಯಿರಿ. ಗೆರೆ ಸೊಟ್ಟಗಾದರೆ ಆಗಲಿ. ಮುಗಿದ ಮೇಲೆ ಎರಡನ್ನೂ ಕಡೆಯ ಭೋಜನದ ಚಿತ್ರದ ಕೆಳಗೆ ಅಂಟಿಸಿ, ಹಾಳೆಯ ಮೂಲೆಯಲ್ಲಿ ದಿನಾಂಕವನ್ನೂ ಯಾರು ಎಲ್ಲಿ ಕುಳಿತಿದ್ದರೆಂಬುದನ್ನೂ ಬರೆದಿಡಿ.