ಗಾಜಿನ ತೊಟ್ಟಿಯಲ್ಲಿ ಹೊಳೆಯ ಮೀನು

ಅರಸೀಕೆರೆಯ ನಮ್ಮ ಬಂಧುಗಳೊಬ್ಬರ ನಡುಮನೆಯಲ್ಲಿ ಮೂರು ಅಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಪೇಟೆಯಿಂದ ತಂದ ಗಪ್ಪಿ, ಏಂಜೆಲ್ ಮೀನುಗಳ ನಡುವೆ, ಬೇಲೂರಿನ ಬಳಿ ಯಗಚಿ ಹೊಳೆಯಲ್ಲಿ ಹಿಡಿದು ತಂದ ಆರೇಳು ಗೆಂಡೆಮರಿಗಳೂ ಅದರಲ್ಲಿ ಸುಳಿದಾಡುತ್ತಿವೆ. ಮನೆಯ ಯಜಮಾನರು ವ್ರತನಿಷ್ಠರು, ರಾತ್ರಿಭೋಜನವನ್ನು ತ್ಯಜಿಸಿದವರು, ಸೋಸದ ನೀರನ್ನು ಮುಟ್ಟದವರು. “ಇವು ನಮ್ಮ ನೆಲದ ಮೀನುಗಳು, ವಿದೇಶದವಲ್ಲ. ಹೊಳೆಯಲ್ಲಿದ್ದರೆ ಯಾರದೋ ಸಾರಿನ ಪಾಲಾಗುತ್ತಿದ್ದವು. ಇಲ್ಲಿ ಸುಖವಾಗಿವೆ” ಎಂದು ಅವರು ಹೇಳಿದರು. ಈ ಮಾತು ದಯೆಯಿಂದಲೇ ಹುಟ್ಟಿದ್ದು. ಆದುದರಿಂದಲೇ ಅದನ್ನು ನಿಧಾನವಾಗಿ ಪರಿಶೀಲಿಸುವುದು ಉಚಿತವೆಂದು ನನಗೆ ತೋರಿತು.

ಮೊದಲು ‘ಸುಖ’ದ ವಿಚಾರ. ಹೊಳೆಯಲ್ಲಿ ಮೀನಿನ ಮಲಮೂತ್ರಗಳು ಹರಿದು ಹೋಗುತ್ತವೆ. ತೊಟ್ಟಿಯಲ್ಲಿ ಅವು ಅಮೋನಿಯಾ ಆಗಿ ಅಲ್ಲಿಯೇ ನಿಲ್ಲುತ್ತವೆ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರಗಳಾದರೂ ಬೇಕು. ಅಷ್ಟರೊಳಗೆ ಬಿಟ್ಟ ಮೀನು ವಿಷದ ನೀರಿನಲ್ಲಿ ಉಸಿರಾಡುತ್ತದೆ. ಹೊಳೆಯ ಮೀನು ತನ್ನೊಡನೆ ತನ್ನ ಪರೋಪಜೀವಿಗಳನ್ನು ತರುತ್ತದೆ. ಪೇಟೆಯ ಮೀನಿನ ರೋಗಗಳು ಅದಕ್ಕೆ ಹೊಸವು. ಮೈಮೇಲೆ ಉಪ್ಪು ಎರಚಿದಂತೆ ಕಾಣುವ ಬಿಳಿಚುಕ್ಕೆ ರೋಗವು ಒಂದು ಮೀನಿಗೆ ಬಂದರೆ ಇಡೀ ತೊಟ್ಟಿಗೇ ಹರಡಬಲ್ಲುದು. ಈ ಹವ್ಯಾಸದಲ್ಲಿ ಪಳಗಿದವರು ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಇದಕ್ಕಾಗಿಯೇ. ನಮ್ಮ ಬಂಧುಗಳಿಗೆ ಇದಾವುದೂ ತಿಳಿದಿರಲಿಲ್ಲ. ತಂದ ದಿನವೇ ಬಿಟ್ಟರಂತೆ. ತಂದವು ಹದಿನೈದು, ಉಳಿದವು ಆರೇಳು.

ಆಹಾರದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹೊಳೆಯ ಮೀನು ಅಂಗಡಿಯ ಒಣ ಗುಳಿಗೆಯನ್ನು ಅನೇಕ ವೇಳೆ ಆಹಾರವೆಂದೇ ಗುರುತಿಸುವುದಿಲ್ಲ. ಆಗ ಅಂಗಡಿಯವನು ಜೀವಂತ ಕೆಸರುಹುಳುಗಳನ್ನು ಕೊಡುತ್ತಾನೆ. ಪಂಚೇಂದ್ರಿಯ ಜೀವಿಯೊಂದನ್ನು ಸಾಕುವ ಸಂತೋಷಕ್ಕಾಗಿ ದ್ವೀಂದ್ರಿಯ ಜೀವಿಗಳನ್ನು ಪ್ರತಿದಿನ ಮುಷ್ಟಿಗಟ್ಟಲೆ ಅರ್ಪಿಸುವ ಶ್ರಾವಕನ ಸ್ಥಿತಿಯನ್ನು ಏನೆಂದು ಕರೆಯಬೇಕು? ಹೊಳೆಯಲ್ಲಿಯೂ ಮೀನು ಹುಳುವನ್ನು ತಿನ್ನುತ್ತದೆ, ನಿಜ. ಅದು ಅದರ ಸ್ವಭಾವ. ತೊಟ್ಟಿಯಲ್ಲಿ ನಡೆಯುವುದಾದರೋ ನಮ್ಮ ಕೈಯಿಂದ ಆದ ‘ಕೃತ’.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ವಧಕ್ಕಿಂತಲೂ ಮೊದಲು ‘ಬಂಧ’ವನ್ನು ಹೆಸರಿಸಿರುವುದು ಗಮನಾರ್ಹ. ಕೊಲ್ಲದಿದ್ದರೆ ಸಾಕು, ಕೂಡಿಹಾಕಬಹುದು ಎಂಬ ವಾದಕ್ಕೆ ಅಲ್ಲಿ ಅವಕಾಶವಿಲ್ಲ. ಎತ್ತನ್ನು ಕಟ್ಟುವುದಕ್ಕೆ ಕೃಷಿಯೆಂಬ ಪ್ರಯೋಜನವನ್ನಾದರೂ ಹೇಳಬಹುದು. ಮೀನನ್ನು ಗಾಜಿನೊಳಗೆ ಇಡುವುದಕ್ಕೆ ನಮ್ಮ ಕಣ್ಣಿನ ತೃಪ್ತಿಯ ಹೊರತು ಯಾವ ಪ್ರಯೋಜನವಿದೆ? ಇದು ಅನರ್ಥದಂಡದ ಗಡಿಯಲ್ಲಿದೆಯೆಂದೇ ನನ್ನ ಅಭಿಪ್ರಾಯ. ಅಚೌರ್ಯದ ಪ್ರಶ್ನೆಯೂ ಇಲ್ಲದಿಲ್ಲ. ಕೆರೆಗಳ ಮೀನಿನ ಹಕ್ಕನ್ನು ಇಲಾಖೆಯೋ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುವುದುಂಟು. ಅಲ್ಲಿ ಕೇಳದೆ ಹಿಡಿಯುವುದು ಅದತ್ತಾದಾನವಲ್ಲವೆ?

‘ನಮ್ಮ ನೆಲದ ಮೀನು’ ಎಂಬ ಅಭಿಮಾನದ ಮಾತಿಗೆ ನಾಡು ಈಗಾಗಲೇ ಬೆಲೆ ತೆತ್ತಿದೆ. ಕೇರಳದಲ್ಲಿಯೂ ದಕ್ಷಿಣ ಕರ್ನಾಟಕದಲ್ಲಿಯೂ ಸಹ್ಯಾದ್ರಿಯ ತೊರೆಗಳಲ್ಲಿ, ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿಯೂ, ಮೈಮೇಲೆ ಕೆಂಪು ಗೆರೆಯುಳ್ಳ ಒಂದು ಚೆಲುವಾದ ಮೀನಿದೆ. 1865ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರನ್ನಿಟ್ಟನು. ವ್ಯಾಪಾರಿಗಳು ಅದನ್ನು ‘ಮಿಸ್ ಕೇರಳ’ ಎನ್ನುತ್ತಾರೆ. 1990ರ ದಶಕದಿಂದ ವಿದೇಶದ ತೊಟ್ಟಿಗಳಿಗಾಗಿ ಅದನ್ನು ಹೊಳೆಗಳಿಂದಲೇ ಬಾಚಿದರು. 2005ರಿಂದ 2012ರವರೆಗಿನ ರಫ್ತಿನ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ, ಅಪಾಯದಲ್ಲಿರುವ ಜಾತಿಗಳ ಸಿಹಿನೀರಿನ ಮೀನುಗಳು ಸುಮಾರು 15 ಲಕ್ಷ ಹೊರಹೋಗಿದ್ದುದು ಕಂಡುಬಂದಿತು. ಈ ಕೆಂಪು ಗೆರೆಯ ಮೀನುಗಳೇ 3 ಲಕ್ಷಕ್ಕೂ ಮೇಲ್ಪಟ್ಟಿದ್ದವು. ಅದು ಇಂದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಯಗಚಿಯ ಏಳು ಮರಿಗಳಿಂದ ಹೊಳೆ ಬರಿದಾಗುವುದಿಲ್ಲವೆಂಬುದು ಸರಿಯೇ. ಆದರೆ ಒಂದು ಮನೆಯ ತೊಟ್ಟಿಯನ್ನು ನೋಡಿ ಹತ್ತು ಮನೆಗಳವರು ಆಸೆಪಟ್ಟಾಗ ಹಿಡಿದು ಮಾರುವವನು ತಾನಾಗಿ ಹುಟ್ಟುತ್ತಾನೆ.

‘ಸಾಯುವುದನ್ನು ಉಳಿಸಿದೆವು’ ಎಂಬುದು ಅವರ ವಾದಗಳಲ್ಲಿ ಬಲವಾದುದು. ಅದನ್ನು ನಾನು ಲಘುವಾಗಿ ಕಾಣಲಾರೆ. ನಮ್ಮದು ಬರದ ಸೀಮೆ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದಲೇ ಹೆಸರು ಪಡೆದ ಊರಿನ ಸುತ್ತ ಬೇಸಿಗೆಯಲ್ಲಿ ಕೆರೆಗಳು ಬತ್ತಿ, ಮೀನುಗಳು ಮೊಣಕಾಲುದ್ದದ ಗುಂಡಿಗಳಲ್ಲಿ ಬಾಯಿ ಬಿಡುವುದನ್ನು ಯಾರು ನೋಡಿಲ್ಲ? ಅವನ್ನು ಎತ್ತಿ ಅದೇ ಕೆರೆಯ ಆಳದ ನೀರಿಗೆ ಬಿಡುವುದು ನಿಜವಾಗಿ ಅಭಯದಾನ. ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೇ ಮುಟ್ಟಿಸಬೇಕೆಂದು ನಮ್ಮ ಹಿರಿಯರು ವಿಧಿಸಿದ್ದರಲ್ಲ, ಅದೇ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಗುಂಡಿಯಿಂದ ಎತ್ತಿ ನಡುಮನೆಗೆ ತರುವುದು ಮಾತ್ರ ಬೇರೆಯೇ ಕ್ರಿಯೆ.

ಬಸದಿಗಳ ಟ್ರಸ್ಟಿನವರಿಗೂ ಒಂದು ಮಾತು. ಪರ್ವದಿನಗಳಲ್ಲಿ ಮೀನು ಕೊಂಡು ಕೊಳಕ್ಕೆ ಬಿಡಿಸುವ ಉತ್ಸಾಹ ಕೆಲವರಲ್ಲಿದೆ. ಬಿಡಲೆಂದೇ ಕೊಂಡರೆ, ಹಿಡಿಯಲೆಂದೇ ಹೋಗುವವರು ಇರುತ್ತಾರೆ. ಪೇಟೆಯ ವಿದೇಶೀ ಮೀನು ಕೊಳದಿಂದ ಮಳೆನೀರಿನೊಡನೆ ಹಳ್ಳಕ್ಕೂ ಹೋದೀತು. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ಹಿಡಿಯದೆ, ಕೂಡಿಹಾಕದೆ, ಹರಿವ ನೀರಿನಲ್ಲಿಯೇ ಕಾಪಾಡಿಕೊಂಡು ಬಂದಿದ್ದಾರೆ. ಶೃಂಗೇರಿ, ಶಿಶಿಲಗಳಲ್ಲಿಯೂ ಹಾಗೆಯೇ. ಅನ್ಯಮತದ ಕ್ಷೇತ್ರಗಳೆಂದು ನಾವು ಅದನ್ನು ಕಾಣದೆ ಹೋಗಬೇಕಾಗಿಲ್ಲ. 1220ರಲ್ಲಿ ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ಊರಿನವರು ಒಂದು ಕೆರೆಯ ದಂಡೆಯನ್ನು ಹಾಗೆ ಕಾಯಲಾರರೆ?

ಇಷ್ಟೆಲ್ಲ ಕೇಳಿದ ಬಂಧುಗಳು, “ಹಾಗಾದರೆ ನಾಳೆಯೇ ಯಗಚಿಗೆ ಬಿಟ್ಟುಬರುತ್ತೇನೆ” ಎಂದರು. ಬೇಡವೆಂದೆನು. ವಿದೇಶೀ ಮೀನುಗಳೊಡನೆ ಒಂದೇ ನೀರಿನಲ್ಲಿದ್ದವು ಆ ರೋಗಗಳನ್ನು ಹೊತ್ತು ಹೊಳೆಗೆ ಹೋದರೆ, ಏಳರ ಬಿಡುಗಡೆ ಏಳುನೂರರ ಮರಣಕ್ಕೆ ಕಾರಣವಾದೀತು. ಹಿಡಿಯದಿರುವ ನಿರ್ಧಾರಕ್ಕೆ ಹೊಳೆಯ ದಂಡೆಯಲ್ಲಿ ಕಾಲವಿತ್ತು. ಈಗ ಅದು ಕಳೆದಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಗೆಂಡೆಗಳಿಗೆ ಬೇರೆಯಾಗಿ ದೊಡ್ಡ ತೊಟ್ಟಿಯನ್ನು ಮಾಡಿಸಿದ್ದಾರೆ. ಬೇಯಿಸಿದ ಬಟಾಣಿ, ಸೊಪ್ಪುಗಳನ್ನು ರೂಢಿಮಾಡಿಸುತ್ತಿದ್ದಾರೆ. ಇವುಗಳ ಆಯುಷ್ಯ ತೀರಿದ ಮೇಲೆ ಹೊಸದನ್ನು ತರುವುದಿಲ್ಲವೆಂದು ನಿಯಮ ಹಿಡಿದಿದ್ದಾರೆ. ಅವರ ಮೊಮ್ಮಗನಿಗೆ ಮಾತ್ರ ಈ ನಿಯಮ ಇನ್ನೂ ಒಪ್ಪಿಗೆಯಾಗಿಲ್ಲ.