ಡೈಸ್ ಅಂಕಕ್ಕೆ ಇಷ್ಟೊಂದು ಮನ್ನಣೆ ಏಕೆ?

ಸ್ತನದ ಎಂಆರ್‌ಐಯಲ್ಲಿ ಕ್ಯಾನ್ಸರ್ ಗಡ್ಡೆಯ ಗಡಿಯನ್ನು ಕಂಪ್ಯೂಟರ್ ಗುರುತಿಸುವ ತಂತ್ರ ಬಹಳ ಬದಲಾಗಿದೆ. ಚಿತ್ರದ ಚುಕ್ಕಿಗಳನ್ನು ಗುಂಪುಗೂಡಿಸುವ, ಷಿಕಾಗೋ ತಂಡದ 2006ರ ಫಜಿ ಸಿ-ಮೀನ್ಸ್ ವಿಧಾನ ಎಲ್ಲಿ, ಉದಾಹರಣೆಗಳಿಂದ ಕಲಿಯುವ, 2015ರ ನಂತರದ ಯು-ನೆಟ್ ನರಜಾಲಗಳ ಸಂತತಿ ಎಲ್ಲಿ! ಅಳತೆಗೋಲು ಮಾತ್ರ ಅಷ್ಟಾಗಿ ಬದಲಾಗಿಲ್ಲ. ಯಂತ್ರದ ಗಡಿ ಮತ್ತು ತಜ್ಞರ ಗಡಿ ಎಷ್ಟು ಒಂದರ ಮೇಲೊಂದು ಕೂರುತ್ತವೆ ಎಂದು ಹೇಳುವ ಡೈಸ್ ಅಂಕವನ್ನೇ (ಪೂರ್ತಿ ಕೂತರೆ 1) ಇಂದು ಮುಂದಿಟ್ಟು ಗೆಲುವು ಸಾರಲಾಗುತ್ತದೆ. ಆ ಅಂಕಕ್ಕೆ ಅಷ್ಟು ಯೋಗ್ಯತೆ ಇಲ್ಲ.

ಲೆಕ್ಕ ಹಾಕಿ ನೋಡಿ. ಗೋಳಾಕಾರದ ಗಡ್ಡೆ, ತ್ರಿಜ್ಯ 25 ಮಿ.ಮೀ. ಯಂತ್ರ ಸುತ್ತಲೂ 1 ಮಿ.ಮೀ. ಒಳಗೆ ಗೆರೆ ಎಳೆದರೆ ಅಂಕ 0.94. ತ್ರಿಜ್ಯ 5 ಮಿ.ಮೀ. ಇದ್ದರೆ ಅದೇ ತಪ್ಪಿಗೆ 0.68. ದೊಡ್ಡ ಗಡ್ಡೆಗಳೇ ತುಂಬಿದ ದತ್ತಾಂಶದಲ್ಲಿ ಸರಾಸರಿ ತಾನಾಗಿಯೇ ಏರುತ್ತದೆ. ಇದನ್ನಾದರೂ ಸಹಿಸಬಹುದು. ಆದರೆ 20 ಮಿ.ಮೀ. ತ್ರಿಜ್ಯದ ಗಡ್ಡೆಯನ್ನು ಕೂದಲೆಳೆಯಷ್ಟೂ ತಪ್ಪದೆ ಗುರುತಿಸಿದ ಯಂತ್ರ, ಅದೇ ಸ್ತನದ ಇನ್ನೊಂದು ಮೂಲೆಯಲ್ಲಿರುವ 4 ಮಿ.ಮೀ. ತ್ರಿಜ್ಯದ ಗಡ್ಡೆಯನ್ನು ಪೂರ್ತಿ ಬಿಟ್ಟುಬಿಟ್ಟಿತು ಎನ್ನಿ. ಅಂಕ 0.996! ಗಡ್ಡೆಯಷ್ಟನ್ನೇ ತೆಗೆಯುವುದೋ ಇಡೀ ಸ್ತನವನ್ನೋ ಎಂಬ ಶಸ್ತ್ರವೈದ್ಯರ ತೀರ್ಮಾನ ಆ ಬಿಟ್ಟುಹೋದ ಗಡ್ಡೆಯ ಮೇಲೇ ನಿಂತಿರಬಹುದು.

‘ಇಬ್ಬರು ರೇಡಿಯಾಲಜಿಸ್ಟ್‌ಗಳ ಗೆರೆಯೂ ಕೂಡುವುದಿಲ್ಲ, ಯಂತ್ರ ಅಷ್ಟು ಹೊಂದಿದರೆ ಸಾಕು’ ಎನ್ನುವ ವಿಮರ್ಶಕರ ಜೊತೆ ನನಗೆ ಜಗಳವಿದೆ. ಗಡ್ಡೆ ಚಿತ್ರದಲ್ಲಿ ಎದ್ದು ಕಾಣಲೆಂದು ಗ್ಯಾಡೋಲಿನಿಯಂ ಕೊಟ್ಟಾಗ ಗಡ್ಡೆಯ ಪಕ್ಕದ ಸಹಜ ಅಂಗಾಂಶವೂ ಬೆಳಗುತ್ತದೆ. ತಜ್ಞರು ಭಿನ್ನವಾಗುವುದು ಹೆಚ್ಚಾಗಿ ಆ ಮಸುಕಾದ ಅಂಚಿನಲ್ಲಿ. ಯಂತ್ರವೋ ರಕ್ತನಾಳವನ್ನೂ ಮೊಲೆತೊಟ್ಟನ್ನೂ ಗಡ್ಡೆಗೆ ಸೇರಿಸಿಬಿಡಬಲ್ಲದು. ಎರಡು ಬಗೆಯ ತಪ್ಪಿಗೂ ಒಂದೇ ಅಂಕ ಬಿದ್ದರೆ ಅದನ್ನು ಸರಿಸಮ ಎನ್ನುವುದು ಹೇಗೆ? ಅಷ್ಟೇ ಅಲ್ಲ, ತಜ್ಞರ ಗೆರೆ ಎಂದು ನಾವು ನಂಬುವುದರಲ್ಲೂ ಯಂತ್ರದ ಕೈ ಇದೆ. 1,506 ರೋಗಿಗಳ ಸ್ತನ ಎಂಆರ್‌ಐಗಳ ಮಾಮಾ-ಮಿಯಾ ಸಂಗ್ರಹದಲ್ಲಿ ಮೊದಲು ಗೆರೆ ಎಳೆದದ್ದು ಯಂತ್ರ; ತಜ್ಞರು ತಿದ್ದಿದರು. ಅಂಥ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟದ್ದು ದೊಡ್ಡ ಉಪಕಾರವೇ. ಆದರೆ ಸಿದ್ಧ ಗೆರೆ ಎದುರಿಗಿದ್ದಾಗ ಕಣ್ಣು ಅದರ ಕಡೆಗೇ ವಾಲುತ್ತದೆ. ಹಾಗೆ ತಿದ್ದಿದ ಗೆರೆಯ ಎದುರು ಅದೇ ಜಾತಿಯ ಯಂತ್ರ ಗಳಿಸುವ ಅಂಕ ಸ್ವತಂತ್ರ ಸಾಕ್ಷಿಯಾಗಲಾರದು.

ಸ್ತನ ಕ್ಯಾನ್ಸರ್ ಚಿಕಿತ್ಸೆಯ ಕುರಿತ ಅಮೆರಿಕದ ಐ-ಸ್ಪೈ ಪ್ರಯೋಗ ಅಂಕದ ಬದಲು ಬೇರೆಯದನ್ನೇ ಕೇಳಿತು: ಕೀಮೋಥೆರಪಿಯ ಆರಂಭದಲ್ಲೇ ಎಂಆರ್‌ಐಯಲ್ಲಿ ಅಳೆದ ಗಡ್ಡೆಯ ಗಾತ್ರ, ಔಷಧ ಫಲಿಸುವುದನ್ನು ಮುಂಚಿತವಾಗಿ ಹೇಳುತ್ತದೆಯೇ? ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಗಿಂತ ಚೆನ್ನಾಗಿ ಹೇಳುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಉತ್ತರ. ಅಲ್ಲಿ ಗಡಿಯನ್ನು ಒರೆಗೆ ಹಚ್ಚಿದ್ದು ರೋಗಿಯ ಫಲಿತಾಂಶ. ಹೊಸ ಪ್ರಬಂಧಗಳು ಅಷ್ಟು ದೂರ ಹೋಗಲಾಗದಿದ್ದರೆ, ಎಷ್ಟು ಗಡ್ಡೆ ಬಿಟ್ಟುಹೋದವು, ಅಂಚು ಅತಿ ಹೆಚ್ಚೆಂದರೆ ಎಷ್ಟು ಮಿ.ಮೀ. ತಪ್ಪಿತು ಎಂಬುದನ್ನು ಸಣ್ಣ ಗಡ್ಡೆಗಳಿಗೆ ಪ್ರತ್ಯೇಕವಾಗಿ ತೋರಿಸಲಿ. ತೋರಿಸದ ಪ್ರಬಂಧವನ್ನು ಪರಿಶೀಲಕರು ವಾಪಸ್ ಕಳಿಸಬೇಕು.