ವಾಕ್ಯಾಂತ್ಯ ಮತ್ತು ಧ್ವನಿಮುದ್ರಿಕೆಯ ಅಖಂಡತೆ: ನ್ಯಾಯಿಕ ಪರೀಕ್ಷಾಕ್ರಮದ ಮೇಲೊಂದು ಭಾಷಾವೈಜ್ಞಾನಿಕ ವಿಮರ್ಶೆ

ಸಾರಾಂಶ: ಸಾಕ್ಷ್ಯವಾಗಿ ಸಲ್ಲಿಸಲಾಗುವ ಡಿಜಿಟಲ್ ಧ್ವನಿಮುದ್ರಿಕೆಯನ್ನು ತಿರುಚಲಾಗಿದೆಯೇ ಎಂಬ ಪ್ರಶ್ನೆಯನ್ನು ಇಂದು ಬಹುಮಟ್ಟಿಗೆ ಧ್ವನಿಸಂಕೇತದ ಪ್ರಶ್ನೆಯೆಂದೇ ಪರಿಗಣಿಸಲಾಗುತ್ತಿದೆ. ಕನ್ನಡದಲ್ಲಿ ನಿಷೇಧ, ಪ್ರಶ್ನೆ ಮತ್ತು ಉದ್ಧರಣೆಗಳ ಸೂಚಕಗಳು ವಾಕ್ಯದ ಕೊನೆಯಲ್ಲಿ ಬರುವುದರಿಂದ, ಕೊನೆಯನ್ನಷ್ಟೇ ಕತ್ತರಿಸಿದ ಮುದ್ರಿಕೆ ಈ ಪರೀಕ್ಷೆಗಳಿಂದ ತಪ್ಪಿಸಿಕೊಳ್ಳಬಲ್ಲದು ಎಂಬುದನ್ನು ತುಕ್ಕಾನಟ್ಟಿ ಸೀಮೆಯ ಆಡುನುಡಿಯ ಮೂಲಕ ಇಲ್ಲಿ ವಾದಿಸಲಾಗಿದೆ.

ಕೀಲಿಪದಗಳು: ನ್ಯಾಯಿಕ ಭಾಷಾವಿಜ್ಞಾನ, ಧ್ವನಿಮುದ್ರಿಕೆ, ಲೋಪಸಂಧಿ, ಉದ್ಧರಣೆ, ಉತ್ತರ ಕರ್ನಾಟಕದ ಕನ್ನಡ

1. ವಿಷಯಪ್ರವೇಶ

2019ರ ಫೆಬ್ರುವರಿ 8ರಂದು ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಧ್ವನಿಮುದ್ರಿಕೆಯೊಂದನ್ನು ಬಿಡುಗಡೆ ಮಾಡಿ, ಅದು ಬಿ.ಎಸ್. ಯಡಿಯೂರಪ್ಪ ಅವರು ಶಾಸಕರೊಬ್ಬರ ಮಗನೊಡನೆ ನಡೆಸಿದ ಮಾತುಕತೆ ಎಂದರು. ಯಡಿಯೂರಪ್ಪ ಅವರು ಮೊದಲು ಅದನ್ನು ಕೃತಕ ಸೃಷ್ಟಿಯೆಂದು ತಳ್ಳಿಹಾಕಿದರು. ಎರಡು ದಿನಗಳ ತರುವಾಯ, ದೇವದುರ್ಗದಲ್ಲಿ ಭೇಟಿ ನಡೆದದ್ದು ನಿಜ, ಆದರೆ ಬೇಕಾದ ಭಾಗವನ್ನಷ್ಟೇ ಉಳಿಸಿಕೊಂಡು ಮುದ್ರಿಕೆಯನ್ನು ಹೊರಗಿಡಲಾಗಿದೆ ಎಂದು ಆಕ್ಷೇಪಿಸಿದರು. ಆ ಪ್ರಕರಣದ ಸತ್ಯಾಸತ್ಯತೆ ನಮ್ಮ ವಿಷಯವಲ್ಲ. ನಮ್ಮ ಗಮನ ಸೆಳೆಯುವುದು ಆಕ್ಷೇಪಣೆಯ ಸ್ವರೂಪದಲ್ಲಾದ ಬದಲಾವಣೆ. ‘ಈ ಧ್ವನಿ ಯಾರದು?’ ಎಂಬುದು ಒಂದು ಪ್ರಶ್ನೆ. ‘ಈ ಮಾತು ಇಷ್ಟೇ ಇತ್ತೇ?’ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ನಮ್ಮ ನ್ಯಾಯವ್ಯವಸ್ಥೆ ಕೊಟ್ಟಿರುವಷ್ಟು ಲಕ್ಷ್ಯವನ್ನು ಎರಡನೆಯದಕ್ಕೆ ಕೊಟ್ಟಿಲ್ಲ.

2. ಕಾನೂನಿನ ಮಾನದಂಡಗಳು

ಆರ್.ಎಂ. ಮಲ್ಕಾನಿ ಪ್ರಕರಣವು (1973) ಧ್ವನಿಯ ಗುರುತು, ವಿಷಯದ ಪ್ರಸ್ತುತತೆ ಮತ್ತು ಅಳಿಸುವಿಕೆಯ ಸಾಧ್ಯತೆ ಇಲ್ಲದಿರುವುದನ್ನು ಷರತ್ತುಗಳನ್ನಾಗಿ ವಿಧಿಸಿತು. ರಾಮ್ ಸಿಂಗ್ ಪ್ರಕರಣದಲ್ಲಿ (1985) ಸರ್ವೋಚ್ಚ ನ್ಯಾಯಾಲಯವು ಇವನ್ನು ಆರು ಷರತ್ತುಗಳಾಗಿ ವಿಸ್ತರಿಸಿತು: ಧ್ವನಿಯ ಗುರುತು, ಮುದ್ರಣದ ನಿಖರತೆ, ತಿರುಚುವಿಕೆಯ ಪ್ರತಿಯೊಂದು ಸಾಧ್ಯತೆಯ ನಿವಾರಣೆ, ಪ್ರಸ್ತುತತೆ, ಮೊಹರು ಮಾಡಿದ ಸುರಕ್ಷಿತ ಕಾವಲು ಮತ್ತು ಶ್ರವ್ಯತೆ. ಕ್ಯಾಸೆಟ್ಟಿನ ಕಾಲದ ಈ ಷರತ್ತುಗಳಲ್ಲಿ ಮೂರನೆಯದು ಅತ್ಯಂತ ಕಠಿಣವಾದದ್ದು. ಆದರೆ ಅದನ್ನು ಪೂರೈಸುವ ವಿಧಾನವನ್ನು ತೀರ್ಪು ತಜ್ಞರಿಗೇ ಬಿಟ್ಟಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಹ್ಯಾಶ್ ಮೌಲ್ಯವನ್ನೊಳಗೊಂಡ ಪ್ರಮಾಣಪತ್ರವನ್ನು ಕೇಳುತ್ತದೆ. ಇದು ಸ್ವಾಗತಾರ್ಹ. ಆದರೆ ಹ್ಯಾಶ್ ಮೌಲ್ಯವು ಲೆಕ್ಕ ಹಾಕಿದ ಗಳಿಗೆಯಿಂದ ಈಚೆಗೆ ಕಡತ ಬದಲಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಅದಕ್ಕೂ ಮುಂಚೆ ಏನಾಯಿತೆಂಬುದನ್ನು ಹೇಳಲಾರದು. ಕತ್ತರಿಸಿದ ಕಡತಕ್ಕೂ ನಿರ್ದುಷ್ಟವಾದ ಹ್ಯಾಶ್ ಮೌಲ್ಯವಿರುತ್ತದೆ.

3. ಸಂಕೇತಾಧಾರಿತ ಪರೀಕ್ಷೆಗಳ ಮಿತಿ

ಪ್ರಯೋಗಾಲಯದ ಪರೀಕ್ಷೆಗಳು ಮುಖ್ಯವಾಗಿ ಜೋಡಣೆಯ ಗುರುತನ್ನು ಹುಡುಕುತ್ತವೆ. ತರಂಗರೂಪದಲ್ಲಿನ ಹಠಾತ್ ಜಿಗಿತ, ಸ್ಪೆಕ್ಟ್ರೋಗ್ರಾಂನಲ್ಲಿ ಹಿನ್ನೆಲೆ ಸದ್ದಿನ ಪಲ್ಲಟ, ಎರಡು ಬಾರಿ ಸಂಕೋಚನಗೊಂಡ ಲಕ್ಷಣ, ಕಡತದ ಮೆಟಾಡೇಟಾ ಇವು ಸಾಮಾನ್ಯ ಆಧಾರಗಳು. ಇನ್ನೊಂದು ವಿಧಾನ ವಿದ್ಯುಜ್ಜಾಲದ ಆವರ್ತನವನ್ನು ಅವಲಂಬಿಸಿದೆ. 50 ಹರ್ಟ್ಜ್ ಆಸುಪಾಸಿನಲ್ಲಿ ಸದಾ ಹೊಯ್ದಾಡುವ ಈ ಆವರ್ತನದ ಗುಂಯ್‌ಗಾಟ ಮುದ್ರಿಕೆಯಲ್ಲಿ ಉಳಿದಿದ್ದರೆ, ಅದರ ಓಟ ಎಲ್ಲಿ ಮುರಿದಿದೆಯೋ ಅಲ್ಲಿ ಕತ್ತರಿ ಬಿದ್ದಿರಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ರಾಷ್ಟ್ರೀಯ ಜಾಲಕ್ಕೆ ಕೂಡಿಕೊಂಡಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಆವರ್ತನವಿರುವುದರಿಂದ ಹೋಲಿಕೆಗೆ ಒಂದೇ ಆಕರ ದಾಖಲೆ ಸಾಕು.

ಈ ಪರೀಕ್ಷೆಗಳು ಹಳ್ಳಿಯಲ್ಲಿ ಮುದ್ರಿತವಾದ ಮಾತಿಗೆ ಹೇಗೆ ಅನ್ವಯಿಸುತ್ತವೆ? ಹೊಲದ ಬದುವಿನಲ್ಲಿ ಬ್ಯಾಟರಿ ಬಲದ ಮೊಬೈಲಿನಲ್ಲಿ ಹಿಡಿದ ಮಾತಿನಲ್ಲಿ ಜಾಲದ ಗುಂಯ್‌ಗಾಟ ಇರಲೇಬೇಕೆಂದಿಲ್ಲ. ಮನೆಯೊಳಗೆ ಹಿಡಿದದ್ದಾದರೆ, ನಡುವೆ ಕರೆಂಟು ಹೋದಾಗ ಅದು ಸಹಜವಾಗಿಯೇ ಮುರಿಯುತ್ತದೆ. ಕಡತವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಇನ್ನೊಂದು ಸ್ವರೂಪದಲ್ಲಿ ಉಳಿಸಿದವನು ಏನನ್ನೂ ತಿದ್ದದಿದ್ದರೂ ಎರಡನೆಯ ಸಂಕೋಚನದ ಗುರುತು ಉಳಿಯುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಈ ವಿಧಾನಗಳಲ್ಲಿ ಹೆಚ್ಚಿನವು ಎರಡು ತುಂಡುಗಳು ಕೂಡುವ ಜಾಗವನ್ನು ಹುಡುಕುತ್ತವೆ. ಕೊನೆಯನ್ನಷ್ಟೇ ಕತ್ತರಿಸಿದರೆ ಕೂಡುವ ಜಾಗವೇ ಇರುವುದಿಲ್ಲ.

4. ಕನ್ನಡದ ವಾಕ್ಯಾಂತ್ಯ

ಕೊನೆಯ ಕತ್ತರಿಯ ಪರಿಣಾಮ ಎಲ್ಲ ಭಾಷೆಗಳಲ್ಲೂ ಒಂದೇ ಅಲ್ಲ. ಇಂಗ್ಲಿಷಿನಲ್ಲಿ ‘ಅವನು ಹೇಳುತ್ತಾನೆ’ ಎಂಬ ಭಾಗ ಸಾಮಾನ್ಯವಾಗಿ ಮೊದಲು ಬರುತ್ತದೆ, ನಿಷೇಧವು ಮುಖ್ಯ ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ. ಕನ್ನಡದಲ್ಲಿ ಎರಡೂ ಕೊನೆಗೆ ಬರುತ್ತವೆ. ಘಟಪ್ರಭೆಯ ಆಸುಪಾಸಿನ ತುಕ್ಕಾನಟ್ಟಿ, ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಆಡುನುಡಿಯಲ್ಲಿ ಮೂರು ವಾಕ್ಯಗಳನ್ನು ನೋಡೋಣ. ಇವು ನಾವು ಕಟ್ಟಿದ ಉದಾಹರಣೆಗಳು, ಯಾವ ಮೊಕದ್ದಮೆಗೂ ಸೇರಿದವಲ್ಲ.

(ಅ) ನಾ ಅವನ ಕಡಿಂದ ರೊಕ್ಕ ತಗೊಂಡೀನಂತ ಊರತುಂಬ ಹೇಳ್ಕೋತ ಅಡ್ಡಾಡ್ತಾನ.
(ಆ) ನೀ ರೊಕ್ಕ ಕೊಟ್ಟಿಲ್ಲ.
(ಇ) ನಾ ರೊಕ್ಕ ತಗೊಂಡೀನೇನ?

(ಅ)ದಲ್ಲಿ ‘ಅಂತ’ ಮತ್ತು ಅದರ ಮುಂದಿನ ಭಾಗ ಹೋದರೆ, ಅಪವಾದಕ್ಕೆ ಗುರಿಯಾದವನ ದೂರು ಅವನದೇ ತಪ್ಪೊಪ್ಪಿಗೆಯಾಗುತ್ತದೆ. (ಇ)ಯಲ್ಲಿ ಪ್ರಶ್ನೆಯ ಪ್ರತ್ಯಯ ಹೋದರೂ ಅದೇ ಗತಿ. (ಆ) ಇನ್ನೂ ಸೂಕ್ಷ್ಮವಾದುದು. ‘ಇಲ್ಲ’ದ ಕೊನೆಯ ಭಾಗ ಹೋದರೆ ಉಳಿಯುವುದು ‘ನೀ ರೊಕ್ಕ ಕೊಟ್ಟಿ’. ಬರಹದ ಕನ್ನಡವನ್ನಷ್ಟೇ ಬಲ್ಲ ಪರೀಕ್ಷಕನಿಗೆ ಇದು ಅರ್ಧಕ್ಕೆ ನಿಂತ ರೂಪವೆನಿಸಬಹುದು. ಈ ಸೀಮೆಯ ಕಿವಿಗೆ ಇದು ಪೂರ್ಣ ವಾಕ್ಯವೇ: ನೀನು ಹಣ ಕೊಟ್ಟೆ. ಉಪಭಾಷೆಯ ತಿಳಿವಳಿಕೆ ಇಲ್ಲದವನು ಅರ್ಥವಾಗದ ಕಡೆ ಕತ್ತರಿಯನ್ನು ಶಂಕಿಸುತ್ತಾನೆ, ಅರ್ಥವಾದ ಕಡೆ ಕತ್ತರಿಯನ್ನು ಕಾಣದೆ ಹೋಗುತ್ತಾನೆ.

5. ಭಾಷೆ ಉಳಿಸುವ ಕುರುಹು

ಧ್ವನಿಸಂಕೇತದಲ್ಲಿ ಜೋಡಣೆಯ ಗುರುತಿಲ್ಲದ ಕಡೆ ಭಾಷೆ ಕುರುಹನ್ನು ಉಳಿಸಬಲ್ಲದು. ‘ತಗೊಂಡೀನಿ’ಗೆ ‘ಅಂತ’ ಸೇರುವಾಗ ಕೊನೆಯ ಇಕಾರ ಲೋಪವಾಗುತ್ತದೆ. ಕೇಶಿರಾಜನು ಸಂಧಿಪ್ರಕರಣದಲ್ಲಿ ವಿವರಿಸಿದ ಲೋಪಸಂಧಿ ಇಲ್ಲಿ ಪರೀಕ್ಷೆಯ ಸಾಧನವಾಗುತ್ತದೆ. ‘ಅಂತ’ಕ್ಕೆ ಮುಂಚೆ ಕತ್ತರಿಸಿದವನ ಕೈಗೆ ‘ತಗೊಂಡೀನಿ’ ಸಿಗುವುದಿಲ್ಲ. ‘ತಗೊಂಡೀನ್’ ಎಂಬ ಮೊಂಡು ರೂಪವಷ್ಟೇ ಸಿಗುತ್ತದೆ. ಮುಗಿದ ವಾಕ್ಯದಲ್ಲಿ ನಿರೀಕ್ಷಿತವಾದ ಕೊನೆಯ ಅಕ್ಷರದ ದೀರ್ಘತೆಯೂ ಸ್ವರದ ಇಳಿತವೂ ಅದರಲ್ಲಿ ಇರುವುದಿಲ್ಲ.

ಆದರೆ ಇಲ್ಲಿ ಆತುರ ಸಲ್ಲದು. ಬಿರುಸಿನ ಮಾತಿನಲ್ಲಿ ಮುಗಿದ ವಾಕ್ಯದ ಕೊನೆಯ ಸ್ವರವೂ ಸವೆಯಬಹುದು. ಎದುರಿನವರು ನಡುವೆ ಬಾಯಿ ಹಾಕಿದಾಗಲೂ ವಾಕ್ಯ ಮುಗಿಯದೆ ನಿಲ್ಲುತ್ತದೆ. ‘ರೀ’ ಹಚ್ಚಿ ಮಾತಾಡುತ್ತಿದ್ದವನು ಒಮ್ಮೆಲೆ ಅದನ್ನು ಬಿಟ್ಟರೆ ಅದು ತುಂಡು ಸೇರಿಸಿದ್ದರ ಲಕ್ಷಣವಾಗಿರಬಹುದು, ಇಲ್ಲವೇ ಅವನು ಪಕ್ಕದಲ್ಲಿದ್ದ ಹುಡುಗನ ಕಡೆ ತಿರುಗಿರಬಹುದು. ಆದ್ದರಿಂದ ಒಂದು ರೂಪದ ಮೇಲೆ ತೀರ್ಮಾನ ನಿಲ್ಲದು. ಅದೇ ಮುದ್ರಿಕೆಯಲ್ಲಿ ಅದೇ ಮಾತುಗಾರನ ಉಳಿದ ವಾಕ್ಯಗಳು ಹೇಗೆ ಮುಗಿಯುತ್ತವೆ, ‘ಅಂತ’ಕ್ಕೆ ಮುಂಚಿನ ರೂಪಗಳು ಹೇಗಿವೆ ಎಂಬ ಹೋಲಿಕೆ ಅಗತ್ಯ. ಭಾಷಾವಿಜ್ಞಾನಿ ‘ಈ ಮಾತು ಇಲ್ಲಿಗೆ ಮುಗಿದಂತಿಲ್ಲ’ ಎನ್ನಬಹುದು. ‘ಇದನ್ನು ಇಂಥವರು ಕತ್ತರಿಸಿದರು’ ಎನ್ನಲಾಗದು.

6. ಲಿಪ್ಯಂತರ ಮತ್ತು ಮಾದರಿಯ ಪ್ರಶ್ನೆ

ಬೆಳಗಾವಿ ಜಿಲ್ಲೆಯ ಮೊಕದ್ದಮೆ ಧಾರವಾಡದ ಉಚ್ಚ ನ್ಯಾಯಾಲಯದ ಪೀಠವನ್ನು ತಲುಪುವ ಹೊತ್ತಿಗೆ ಮಾತು ಬರಹವಾಗಿ, ಬರಹ ಇಂಗ್ಲಿಷಾಗಿ ಬದಲಾಗಬಹುದು. ‘ತಗೊಂಡೀನ್’ ಎಂಬುದನ್ನು ಲಿಪ್ಯಂತರಕಾರನು ‘ತೆಗೆದುಕೊಂಡಿದ್ದೇನೆ’ ಎಂದು ತಿದ್ದಿ ಬರೆದರೆ, ಕುರುಹು ಆ ಹಂತದಲ್ಲೇ ಅಳಿಸಿಹೋಗುತ್ತದೆ. ಉದ್ದೇಶವಿಲ್ಲದ ಈ ತಿದ್ದುಪಡಿಯೂ ಪರಿಣಾಮದಲ್ಲಿ ತಿರುಚುವಿಕೆಯೇ.

ರಿತೇಶ್ ಸಿನ್ಹಾ ತೀರ್ಪಿನ (2019) ಪ್ರಕಾರ ಮ್ಯಾಜಿಸ್ಟ್ರೇಟರು ಧ್ವನಿಮಾದರಿ ನೀಡಲು ಆದೇಶಿಸಬಹುದು. ಆ ಮಾದರಿಯ ಗುರಿ ಗುರುತು ಹಚ್ಚುವುದು. ಬರೆದುಕೊಟ್ಟ ಸಾಲುಗಳನ್ನು ಓದಿಸಿದರೆ ಮಾತುಗಾರನು ಗ್ರಾಂಥಿಕ ಕನ್ನಡಕ್ಕೆ ಜಾರುತ್ತಾನೆ. ನಮಗೆ ಬೇಕಾದ ಸಂಧಿರೂಪಗಳು ಅಲ್ಲಿ ಬರುವುದಿಲ್ಲ.

7. ಸಮಾರೋಪ

ಸಂಕೇತಾಧಾರಿತ ಪರೀಕ್ಷೆಗಳನ್ನು ಕೈಬಿಡಬೇಕೆಂಬುದು ನಮ್ಮ ವಾದವಲ್ಲ. ಮೂಲ ಸಾಧನವನ್ನೇ ವಶಪಡಿಸಿಕೊಂಡು ಪರೀಕ್ಷಿಸುವುದಕ್ಕೆ ಸಮನಾದ ಬದಲಿ ಇಲ್ಲ. ಅದರ ಜೊತೆಗೆ ಮೂರು ಕ್ರಮಗಳು ಅಗತ್ಯವೆಂದು ನಾವು ಭಾವಿಸುತ್ತೇವೆ: ವಿವಾದಿತ ಪ್ರತಿಯೊಂದು ಮಾತಿನ ವಾಕ್ಯಾಂತ್ಯದ ಪ್ರತ್ಯೇಕ ಪರಿಶೀಲನೆ, ಕೇಳಿದ ರೂಪವನ್ನೇ ಉಳಿಸಿ, ಗಳಿಗೆ ನಮೂದಿಸಿದ ಉಪಭಾಷಾ ಲಿಪ್ಯಂತರ, ಮತ್ತು ಸಹಜ ಸಂಭಾಷಣೆಯನ್ನೂ ಒಳಗೊಂಡ ಧ್ವನಿಮಾದರಿ. ತಿರುಚುವಿಕೆಯ ಪ್ರತಿಯೊಂದು ಸಾಧ್ಯತೆಯನ್ನೂ ನಿವಾರಿಸಬೇಕೆಂದು ನ್ಯಾಯಾಲಯ 1985ರಲ್ಲೇ ಹೇಳಿದೆ. ಒಂದು ‘ಅಂತ’ ಬಿದ್ದುಹೋದರೆ ದೂರುದಾರನು ತಪ್ಪಿತಸ್ಥನಾಗುವ ಭಾಷೆಯಲ್ಲಿ, ಆ ಷರತ್ತನ್ನು ಯಂತ್ರದ ವರದಿಯೊಂದರಿಂದಲೇ ಪೂರೈಸಿದಂತಾಗದು.